ನಮ್ಮ ವಿಮಾನವನ್ನು ನಾವೇ ಹೊಡೆಯುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಗೆಳೆಯನೊಬ್ಬನ ಗ್ಯಾರೇಜಿದೆ. ವಿಮಾನ ನಿಲ್ದಾಣವೂ ಅದೇ ರಸ್ತೆಯಲ್ಲಿ. ವಿಮಾನ ಇಳಿಯುವಾಗ ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ಹೋದ ಮೇಲೆ ಮುಂದುವರಿಸುವುದು ಅಲ್ಲಿಯ ಪದ್ಧತಿ. ಹೋದ ವಾರ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆವು. ಅವನು ಮೊಬೈಲಿನಲ್ಲಿ ಯಾವುದೋ ಯುದ್ಧದಲ್ಲಿ ತಮ್ಮದೇ ವಿಮಾನ ಹೊಡೆದುಕೊಂಡವರ ಸುದ್ದಿ ನೋಡುತ್ತಾ ತಟ್ಟನೆ ಕೇಳಿದ: "ಅಲ್ಲಲೇ ದೋಸ್ತ, ಇಷ್ಟೆಲ್ಲಾ ರಡಾರ್ ಇಟ್ಕೊಂಡು ತಮ್ಮ ವಿಮಾನ ಯಾವುದು ಅಂತ ಇವರಿಗೆ ಗೊತ್ತಾಗೂದಿಲ್ಲೇನು? ನಮ್ಮ ಗ್ಯಾರೇಜಿಗೆ ಬಂದ ಗಾಡಿ ನಂಬರ್ ನೋಡಿದ್ರ ಸಾಕು, ಯಾರದು ಅಂತ ನಾ ಹೇಳ್ತೇನಿ."

ಸುಮ್ನೆ ಕೇಳಿದ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರ ಹುಡುಕಲು ಸೇನೆಗಳು ಎಂಬತ್ತು ವರ್ಷಕ್ಕೂ ಜಾಸ್ತಿ ಸಮಯದಿಂದ ಒದ್ದಾಡುತ್ತಿವೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಇಂಗ್ಲಿಷಿನವರು ಇದಕ್ಕೆ 'ಫ್ರೆಂಡ್ಲಿ ಫೈರ್' ಅನ್ನುತ್ತಾರೆ. ಕನ್ನಡದಲ್ಲಿ ಒಮ್ಮೊಮ್ಮೆ ಅದು 'ಸ್ನೇಹಪೂರ್ವಕ ಗುಂಡಿನ ದಾಳಿ' ಆಗಿಬಿಡುತ್ತದೆ. ಹಾಗೆ ಓದಿದಾಗಲೆಲ್ಲ ನನಗೆ ಕಸಿವಿಸಿ. ಗುಂಡಿನಲ್ಲಿ ಸ್ನೇಹ ಎಲ್ಲಿಂದ ಬಂತು? ನಮ್ಮವರ ಗುಂಡು ನಮ್ಮವರಿಗೇ ಬಿತ್ತು, ಅಷ್ಟೇ. ನಾನು ಹಾಗೇ ಬರೆಯುತ್ತೇನೆ.

ಈಗ ಗೆಳೆಯನ ನಂಬರ್ ಪ್ಲೇಟಿನ ಮಾತಿಗೆ ಬರೋಣ. ರಡಾರಿಗೆ ನಂಬರ್ ಪ್ಲೇಟ್ ಕಾಣುವುದಿಲ್ಲ. ರೆಕ್ಕೆಯ ಮೇಲೆ ಬಳಿದ ಬಾವುಟವೂ ಕಾಣುವುದಿಲ್ಲ. ಅದು ರೇಡಿಯೋ ಅಲೆ ಕಳಿಸುತ್ತದೆ. ಏನಕ್ಕಾದರೂ ಬಡಿದು ವಾಪಸ್ ಬಂದರೆ ಪರದೆ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಚುಕ್ಕೆ ಎಷ್ಟು ದೂರದಲ್ಲಿದೆ, ಎಷ್ಟು ಎತ್ತರ, ಎಷ್ಟು ವೇಗ, ಯಾವ ಕಡೆ ಹೊರಟಿದೆ ಎಂದು ಹೇಳುತ್ತದೆ. ಯಾರದು ಎಂದು ಕೇಳಿದರೆ ಮೂಕ. ಯಾರದು ಎಂದು ತಿಳಿಯಬೇಕಾದರೆ ಆ ಚುಕ್ಕೆಯನ್ನೇ ಕೇಳಬೇಕು.

ಹಾಗೆ ಕೇಳುವ ಯಂತ್ರವೇ ಐಎಫ್‌ಎಫ್. ನೆಲದಿಂದಲೋ ಹಡಗಿನಿಂದಲೋ ಒಂದು ಸಂಕೇತ ಹೋಗುತ್ತದೆ. ವಿಮಾನದಲ್ಲಿರುವ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತದೆ. ಪ್ರಶ್ನೆ 1030 ಮೆಗಾಹರ್ಟ್ಸ್‌ನಲ್ಲಿ, ಉತ್ತರ 1090 ಮೆಗಾಹರ್ಟ್ಸ್‌ನಲ್ಲಿ. ಗೋಕುಲ ರಸ್ತೆಯ ಮೇಲೆ ಇಳಿಯುವ ಪ್ರಯಾಣಿಕರ ವಿಮಾನದಲ್ಲೂ ಇದೇ ಜಾತಿಯ ಪೆಟ್ಟಿಗೆ ಇರುತ್ತದೆ, ಇದೇ ಎರಡು ತರಂಗಗಳ ಮೇಲೆಯೇ ಕೆಲಸ ಮಾಡುತ್ತದೆ. ಅದಕ್ಕೆ ಟ್ರಾನ್ಸ್‌ಪಾಂಡರ್ ಎಂದು ಹೆಸರು. ನಾಗರಿಕ ವಿಮಾನದ ಪೈಲಟ್ ನಾಲ್ಕು ಅಂಕಿಯ ಸಂಖ್ಯೆಯೊಂದನ್ನು ಅದರಲ್ಲಿ ಹಾಕುತ್ತಾನೆ. ಸೇನೆಯದ್ದರಲ್ಲಿ ಇದರ ಜೊತೆಗೆ ಗುಪ್ತಲಿಪಿಯ ಉತ್ತರವೂ ಇರುತ್ತದೆ. ಅದರ ಕೀಲಿ ಆಗಾಗ ಬದಲಾಗುತ್ತದೆ, ಇಲ್ಲದಿದ್ದರೆ ವೈರಿ ಕದ್ದು ತಾನೂ ಅದೇ ಉತ್ತರ ಕೊಟ್ಟಾನು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಈ ಪೆಟ್ಟಿಗೆಗೆ ಇಟ್ಟ ಗುಪ್ತನಾಮ 'ಪ್ಯಾರಟ್', ಅಂದರೆ ಗಿಳಿ. ಪೆಟ್ಟಿಗೆ ಆಫ್ ಮಾಡು ಎನ್ನಲು 'ಗಿಳಿಯ ಕತ್ತು ಹಿಸುಕು' ಎನ್ನುತ್ತಿದ್ದರು. ಇವತ್ತಿಗೂ ಪೈಲಟ್‌ಗಳು ಟ್ರಾನ್ಸ್‌ಪಾಂಡರಿನ ಸಂಖ್ಯೆಗೆ 'ಸ್ಕ್ವಾಕ್' ಎನ್ನುತ್ತಾರೆ, ಅಂದರೆ ಗಿಳಿಯ ಕಿರುಚಾಟ.

ಇಷ್ಟಿದ್ದ ಮೇಲೆ ತೊಂದರೆ ಏನು? ತೊಂದರೆ ಇರುವುದು ಹೆಸರಿನಲ್ಲೇ. ಐಎಫ್‌ಎಫ್ ಎಂಬ ಹೆಸರಿನ ಅರ್ಥ 'ನಮ್ಮವನೋ ವೈರಿಯೋ ಗುರುತಿಸುವ ಯಂತ್ರ' ಎಂದು. ಆದರೆ ಅದು ವೈರಿಯನ್ನು ಗುರುತಿಸುವುದಿಲ್ಲ. ಸರಿಯಾದ ಉತ್ತರ ಬಂದರೆ 'ನಮ್ಮವನು' ಎಂದು ಗೊತ್ತಾಗುತ್ತದೆ. ಉತ್ತರ ಬರಲಿಲ್ಲ ಅಂದರೆ ಏನೂ ಗೊತ್ತಾಗುವುದಿಲ್ಲ. ವೈರಿ ಇರಬಹುದು. ಪೆಟ್ಟಿಗೆ ಕೆಟ್ಟ ನಮ್ಮವನೇ ಇರಬಹುದು. ನಿನ್ನೆಯ ಕೀಲಿ ಹಾಕಿಕೊಂಡು ಬಂದವನಿರಬಹುದು. ಬೇಕೆಂತಲೇ ಆಫ್ ಮಾಡಿಕೊಂಡವನೂ ಇರಬಹುದು.

ಇದು ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ. ಹಾನಗಲ್ ಕಡೆ ನಮ್ಮ ಕಾಕಾನ ಹೊಲದಲ್ಲಿ.

ನಾನಾಗ ಎಂಟನೇ ಕ್ಲಾಸು. ಗೋವಿನಜೋಳ ತೆನೆ ಕಟ್ಟಿತ್ತು. ಕಾಡುಹಂದಿ ಕಾಟ ವಿಪರೀತ. ರಾತ್ರಿ ಕಾವಲಿಗೆ ಅಟ್ಟಣಿಗೆ ಮೇಲೆ ನನ್ನನ್ನೂ ಕೂರಿಸಿದ್ದರು. ಕೈಯಲ್ಲಿ ಕವಣೆ, ಮಡಿಲಲ್ಲಿ ಕಲ್ಲು, ಬಡಿಯೋದಕ್ಕೆ ಒಂದು ಎಣ್ಣೆ ಡಬ್ಬಿ. ಹಿಂದಿನ ರಾತ್ರಿಯಷ್ಟೇ ಹಂದಿ ನುಗ್ಗಿ ನಾಲ್ಕು ಸಾಲು ಮಲಗಿಸಿ ಹೋಗಿದ್ದವು. ಆದ್ದರಿಂದ ಕಿವಿ ಪೂರ್ತಿ ನೆಟ್ಟಗಾಗಿತ್ತು. ಹತ್ತು ಗಂಟೆ ಸುಮಾರಿಗೆ ಬದುವಿನ ಕಡೆ ಎಲೆ ಸರಬರ ಅಂದವು. "ಯಾರದು?" ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಇಲ್ಲ. ಕವಣೆ ಬೀಸಿದೆ.

"ಯವ್ವಾ!" ಅಂತ ಕಾಕಾನ ದನಿ ಬಂತು. ಕಲ್ಲು ಭುಜಕ್ಕೆ ಬಡಿದಿತ್ತು. ನನಗೆ ಬುತ್ತಿ ತಂದಿದ್ದ.

"ಒಂದು ಕೂಗು ಹಾಕಿದ್ರ ಏನಾಗ್ತಿತ್ತಲೇ ನಿನಗ?" ಎಂದು ಅವನು. "ಎರಡು ಸಲ ಕೂಗಿದೆ ಕಾಕಾ, ನೀ ಹೂಂ ಅನ್ನಲಿಲ್ಲ" ಎಂದು ನಾನು. ಇಬ್ಬರದೂ ನಿಜ. ಅವನು ಬರುತ್ತಿದ್ದ ದಾರಿಯಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ನನ್ನ ಕೂಗು ಅವನಿಗೆ ಕೇಳಿಸಿರಲಿಲ್ಲ. ಕೇಳಿಸದವನು ಉತ್ತರ ಕೊಡುವುದೆಲ್ಲಿಂದ? ನನಗೋ ಹಂದಿಯೇ ತಲೆಯಲ್ಲಿತ್ತು. ಹಂದಿ ಹೂಂ ಅನ್ನುವುದಿಲ್ಲ. ಹೂಂ ಅನ್ನದ್ದು ಹಂದಿಯೇ ಎಂದು ಲೆಕ್ಕ ಹಾಕಿದ್ದೆ.

ಬಡ್ಗಾಮ್ ಸುದ್ದಿ ಓದಿದಾಗ ನನಗೆ ಆ ಪಂಪ್‌ಸೆಟ್ ನೆನಪಾಯಿತು.

2019ರ ಫೆಬ್ರವರಿ 27 ನಮ್ಮಲ್ಲಿ ಬಹಳ ಜನಕ್ಕೆ ನೆನಪಿರುವುದು ಅಭಿನಂದನ್ ವರ್ಧಮಾನ್ ಹೆಸರಿನಿಂದ. 14ರಂದು ಪುಲ್ವಾಮಾ, 26ರಂದು ಬಾಲಾಕೋಟ್. ಮರುದಿನ ಬೆಳಿಗ್ಗೆ ಪಾಕಿಸ್ತಾನದ ವಿಮಾನಗಳು ಬಂದವು. ನೌಶೇರಾ ಕಡೆ ಆಕಾಶದಲ್ಲಿ ಕಾದಾಟ ನಡೆಯಿತು, ಅಭಿನಂದನ್ ಹಾರಿಸುತ್ತಿದ್ದ ಮಿಗ್-21 ಬಿತ್ತು. ಟಿವಿ ಮುಂದೆ ಕೂತ ಎಲ್ಲರ ಕಣ್ಣೂ ಆ ಕಡೆಯೇ. ಅದೇ ಹೊತ್ತಿಗೆ ಶ್ರೀನಗರದ ಪಕ್ಕ ಬಡ್ಗಾಮ್‌ನಲ್ಲಿ ವಾಯುಪಡೆಯ ಮಿ-17 ವಿ5 ಹೆಲಿಕಾಪ್ಟರ್ ಒಂದು ನೆಲಕ್ಕೆ ಬಿತ್ತು. ಒಳಗಿದ್ದ ಆರು ಮಂದಿ ಸತ್ತರು. ಕೆಳಗಿದ್ದ ಊರಿನವನೊಬ್ಬನೂ ಸತ್ತ. ಆ ದಿನ ಅದು ಒಂದು 'ಅಪಘಾತ'ವಾಗಿ ಸುದ್ದಿಯ ಕೆಳಗಡೆ ಹೋಯಿತು.

ಅಪಘಾತ ಆಗಿರಲಿಲ್ಲ. ಶ್ರೀನಗರ ವಾಯುನೆಲೆಯನ್ನು ಕಾಯಲು ಇಟ್ಟಿದ್ದ ಸ್ಪೈಡರ್ ಎಂಬ ಇಸ್ರೇಲಿ ನಿರ್ಮಿತ ಕ್ಷಿಪಣಿ ಅದನ್ನು ಹೊಡೆದಿತ್ತು. ಅಂದರೆ ನಮ್ಮ ನೆಲೆ, ನಮ್ಮ ಕ್ಷಿಪಣಿ, ನಮ್ಮದೇ ಹೆಲಿಕಾಪ್ಟರ್. ಅಕ್ಟೋಬರ್ 4ರಂದು ವಾಯುಪಡೆಯ ಹೊಸ ಮುಖ್ಯಸ್ಥ ಆರ್‌ಕೆಎಸ್ ಭದೌರಿಯಾ ಪತ್ರಕರ್ತರ ಮುಂದೆ ಅದನ್ನು ಒಪ್ಪಿಕೊಂಡರು. ದೊಡ್ಡ ತಪ್ಪು ಎಂದೇ ಕರೆದರು. ಹೆಲಿಕಾಪ್ಟರಿನ ಐಎಫ್‌ಎಫ್ ಆಫ್ ಆಗಿತ್ತು, ನೆಲದವರಿಗೂ ಹೆಲಿಕಾಪ್ಟರಿನವರಿಗೂ ನಡುವೆ ಮಾತು ಸರಿಯಾಗಿ ತಲುಪಿರಲಿಲ್ಲ ಎನ್ನುವುದು ಆಮೇಲೆ ಹೊರಬಂದ ವಿವರ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಣ್ಣಿಗೆ ಕಂಡಿದ್ದರೆ ಗುರುತು ಸಿಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಪಾಕಿಸ್ತಾನದ ಸೇನೆಯಲ್ಲೂ ಮಿ-17 ಹೆಲಿಕಾಪ್ಟರುಗಳಿವೆ. ದೂರದಿಂದ ಆಕಾರ ನೋಡಿ ಇದು ನಮ್ಮದು, ಅದು ಅವರದು ಎಂದು ಹೇಳಲಾಗುವುದಿಲ್ಲ. ಉಕ್ರೇನಿನಲ್ಲಿ ಇದು ಇನ್ನೂ ಕಷ್ಟ. ಸು-25, ಸು-27, ಮಿಗ್-29 ಎರಡೂ ಕಡೆ ಇವೆ. ಎಲ್ಲ ಒಂದೇ ಸೋವಿಯತ್ ಮನೆಯ ಮಕ್ಕಳು.

ಆಕಾರದಿಂದ ಗುರುತು ಸಿಗದಿದ್ದರೆ ಬಣ್ಣ ಬಳಿಯಬಹುದು ಅಲ್ವಾ? ಬಳಿದು ನೋಡಿದ್ದಾರೆ. ನಮ್ಮ ಕುರಿಗಾರರು ಹಿಂಡು ಬೆರೆಯಬಾರದೆಂದು ಕುರಿ ಬೆನ್ನಿಗೆ ಬಣ್ಣ ಹಚ್ಚುತ್ತಾರಲ್ಲ, ಹಾಗೇ. 1944ರ ಜೂನ್ 6ರಂದು ನಾರ್ಮಂಡಿಗೆ ಹೊರಟ ಮಿತ್ರಪಡೆಗಳ ವಿಮಾನಗಳ ರೆಕ್ಕೆಗೆ, ಬಾಲದ ಹತ್ತಿರ ಮೈಗೆ, ಮೂರು ಬಿಳಿ ಎರಡು ಕಪ್ಪು ಪಟ್ಟೆ ಬಳಿದಿದ್ದರು. ಮೊದಲೇ ಬಳಿದರೆ ವೈರಿ ನೋಡಿ ತಾನೂ ಬಳಿದುಕೊಳ್ಳುತ್ತಾನೆ ಎಂಬ ಭಯ. ಆದ್ದರಿಂದ ಕೊನೆಯ ಒಂದೆರಡು ದಿನದಲ್ಲಿ ಆದೇಶ ಬಂತು. ಸಿಬ್ಬಂದಿ ಕುಂಚ ಹಿಡಿದು ಗಡಿಬಿಡಿಯಲ್ಲಿ ಬಳಿದರು. ಆ ಕಾಲದ ಫೋಟೋಗಳಲ್ಲಿ ಗೆರೆ ಸೊಟ್ಟಪಟ್ಟ ಕಾಣುವುದು ಅದಕ್ಕೇ.

ಪಟ್ಟೆ ಬಳಿಯುವ ಬುದ್ಧಿ ಬಂದಿದ್ದು ಇಟಲಿಯ ಸಿಸಿಲಿ ದ್ವೀಪದಲ್ಲಿ ತಿಂದ ಪೆಟ್ಟಿನ ನಂತರ. ಆ ರಾತ್ರಿಯ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. 1943ರ ಜುಲೈ 11. ಅಮೆರಿಕದ 144 ಸಾಗಣೆ ವಿಮಾನಗಳು ಪ್ಯಾರಾಶೂಟ್ ಸೈನಿಕರನ್ನು ತುಂಬಿಕೊಂಡು ತಮ್ಮದೇ ಪಡೆ ಹಿಡಿದಿದ್ದ ನೆಲದ ಮೇಲೆ ಬರುತ್ತಿದ್ದವು. ಕೆಳಗಿನವರಿಗೆ ಮೊದಲೇ ಸೂಚನೆ ಹೋಗಿತ್ತು: ಇವತ್ತು ರಾತ್ರಿ ನಮ್ಮ ವಿಮಾನ ಬರುತ್ತವೆ, ಹೊಡೆಯಬೇಡಿ. ಸೂಚನೆ ಎಲ್ಲರಿಗೂ ಮುಟ್ಟಿರಲಿಲ್ಲ. ಅದೇ ದಿನ ಜರ್ಮನ್ ವಿಮಾನಗಳು ಬಂದು ಬಾಂಬು ಹಾಕಿ ಹೋಗಿದ್ದವು. ಎಲ್ಲರ ಬೆರಳೂ ತೋಪಿನ ಕುದುರೆಯ ಮೇಲೆಯೇ. ಮೊದಲ ಒಂದಿಷ್ಟು ವಿಮಾನಗಳು ಸುಸೂತ್ರವಾಗಿ ದಾಟಿ ಹೋದವು. ಆಮೇಲೆ ಎಲ್ಲೋ ಒಂದು ತೋಪು ಸಿಡಿಯಿತು. ಒಂದು ಸಿಡಿದದ್ದೇ ತಡ, ಪಕ್ಕದ್ದೂ ಸಿಡಿಯಿತು. ಅದರ ಪಕ್ಕದ್ದೂ. ದಂಡೆಯ ಆಚೆ ನಿಂತ ಹಡಗುಗಳೂ ಸೇರಿಕೊಂಡವು. 23 ವಿಮಾನ ಬಿದ್ದವು, ಇನ್ನೂ 37 ಜಖಂ ಆದವು.

ಮೊದಲ ತೋಪಿನವನು ಯಾಕೆ ಹೊಡೆದ ಎಂದು ಕೇಳಬಹುದು. ಎರಡನೆಯವನು ಯಾಕೆ ಹೊಡೆದ ಎನ್ನುವುದು ನನಗೆ ಅದಕ್ಕಿಂತ ಮುಖ್ಯ. ಅವನು ಆಕಾಶ ನೋಡಿ ಹೊಡೆಯಲಿಲ್ಲ. ಪಕ್ಕದವನನ್ನು ನೋಡಿ ಹೊಡೆದ.

ಇಂಥ ಘಟನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಹೆಚ್ಚಿನವು ನಡೆದಿರುವುದು ಪೆಟ್ಟು ತಿಂದ ಗಳಿಗೆಯಲ್ಲಿ. 1940ರ ಜೂನ್ 28ರಂದು ಲಿಬಿಯಾದ ಟೋಬ್ರುಕ್ ಮೇಲೆ ಇಟಲಿಯ ಮಾರ್ಷಲ್ ಇಟಾಲೋ ಬಾಲ್ಬೋ ಬಂದಿಳಿಯುತ್ತಿದ್ದ. ಅವನೇ ಲಿಬಿಯಾದ ಗವರ್ನರ್. ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ ಆಗಷ್ಟೇ ಹೋಗಿದ್ದವು. ಇಟಲಿಯ ತೋಪುಗಳೇ ಅವನನ್ನು ಬೀಳಿಸಿದವು. 1941ರ ಡಿಸೆಂಬರ್ 7ರ ಬೆಳಿಗ್ಗೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. ಅದೇ ರಾತ್ರಿ ಅಮೆರಿಕದ್ದೇ ಆದ ಎಂಟರ್‌ಪ್ರೈಸ್ ಹಡಗಿನ ಆರು ವೈಲ್ಡ್‌ಕ್ಯಾಟ್ ವಿಮಾನಗಳು ಅಲ್ಲಿಗೆ ಇಳಿಯಲು ಬಂದವು. ದೀಪ ಹಾಕಿಕೊಂಡೇ ಬಂದಿದ್ದವು. ಕೆಳಗಿನವರು ಹೊಡೆದರು, ಮೂವರು ಪೈಲಟ್‌ಗಳು ಸತ್ತರು. ಬಡ್ಗಾಮ್ ಕೂಡ ಅಂಥದ್ದೇ ಬೆಳಿಗ್ಗೆ. ನನ್ನ ಹೊಲದ ರಾತ್ರಿಗೂ ಹಿಂದಿನ ರಾತ್ರಿಯ ಹಂದಿಗಳೇ ಕಾರಣ.

ಯುದ್ಧ ಶುರುವಿನ ದಿನಗಳೂ ಹೀಗೇ. 1939ರ ಸೆಪ್ಟೆಂಬರ್ 6, ಬ್ರಿಟನ್ ಯುದ್ಧಕ್ಕಿಳಿದು ಮೂರೇ ದಿನ. ಸುಳ್ಳು ಎಚ್ಚರಿಕೆಯೊಂದು ಬಂತು. ನೋಡಲು ವಿಮಾನ ಏರಿದವು. ಏರಿದ ವಿಮಾನಗಳನ್ನೇ ವೈರಿ ಎಂದುಕೊಂಡು ಇನ್ನಷ್ಟು ಏರಿದವು. ಕೊನೆಗೆ ಬ್ರಿಟನ್ನಿನ ಸ್ಪಿಟ್‌ಫೈರ್‌ಗಳು ಬ್ರಿಟನ್ನಿನದೇ ಎರಡು ಹರಿಕೇನ್‌ಗಳನ್ನು ಬೀಳಿಸಿದವು. ಆ ದಿನ ಅಲ್ಲಿ ಜರ್ಮನಿಯ ವಿಮಾನ ಒಂದೂ ಇರಲಿಲ್ಲ.

ನಮ್ಮ 1971ರಲ್ಲೂ ಒಂದು ಇದೆ, ತಿರುಗಾಮುರುಗಾ. ಡಿಸೆಂಬರ್ 10ರಂದು ಈಗಿನ ಬಾಂಗ್ಲಾದೇಶದ ಖುಲ್ನಾ ಹತ್ತಿರ, ಅಲ್ಲಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಮುಕ್ತಿಬಾಹಿನಿಯ 'ಪದ್ಮಾ', 'ಪಲಾಶ್' ಎಂಬ ಎರಡು ಗನ್‌ಬೋಟುಗಳು ನಮ್ಮ ನೌಕಾಪಡೆಯ ಜೊತೆ ಹೊರಟಿದ್ದವು. ಗುರುತಿಗೆಂದು ಹಳದಿ ಬಣ್ಣವನ್ನೂ ಬಳಿದಿದ್ದರು. ನಮ್ಮದೇ ವಾಯುಪಡೆಯ ನ್ಯಾಟ್ ವಿಮಾನಗಳು ಮೇಲಿಂದ ಬಂದು ಅವುಗಳನ್ನು ಮುಳುಗಿಸಿದವು. ಬಣ್ಣ ಬಳಿದರೆ ಸಾಲದು, ಆ ಬಣ್ಣದ ಅರ್ಥ ಮೇಲಿನವನ ತಲೆಯಲ್ಲೂ ಆ ಕ್ಷಣಕ್ಕೆ ಇರಬೇಕು.

"ಅದೆಲ್ಲಾ ಹಳೇ ಕಾಲದ್ದಾತು. ಈಗ ಕಂಪ್ಯೂಟರ್ ಅದಾವಲ್ಲ" ಎಂದ ಗೆಳೆಯ. ಹಾಗಾದರೆ 2003ಕ್ಕೆ ಬರೋಣ.

ಅಮೆರಿಕ ಮತ್ತು ಬ್ರಿಟನ್ ಇರಾಕಿಗೆ ನುಗ್ಗಿದವು. ಆ ಯುದ್ಧದಲ್ಲಿ ಇರಾಕಿನ ವಾಯುಪಡೆ ಒಂದು ವಿಮಾನವನ್ನೂ ಏರಿಸಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಘಟಕಗಳು ಇರಾಕಿನ ಕ್ಷಿಪಣಿಗಳನ್ನು ತಡೆಯಲು ಕೂತಿದ್ದವು. ಮಾರ್ಚ್ 23ರ ನಸುಕಿನಲ್ಲಿ ಬ್ರಿಟನ್ನಿನ ಟೊರ್ನಾಡೊ ವಿಮಾನವೊಂದು ಕೆಲಸ ಮುಗಿಸಿ ಕುವೈತಿನ ನೆಲೆಗೆ ವಾಪಸಾಗುತ್ತಿತ್ತು. ಇಳಿಯಲು ತಗ್ಗಿಗೆ ಬಂತು. ಪೇಟ್ರಿಯಟ್‌ನ ಕಂಪ್ಯೂಟರ್ ಅದರ ವೇಗ, ಇಳಿಜಾರು ನೋಡಿ ಲೆಕ್ಕ ಹಾಕಿತು: ಇದು ರಡಾರನ್ನು ಹುಡುಕಿಕೊಂಡು ಬರುವ ಕ್ಷಿಪಣಿ. ಅಂದರೆ ನೇರವಾಗಿ ತನ್ನ ಮೇಲೆಯೇ ಬೀಳಲು ಬರುತ್ತಿದೆ. 'ಯಾರದು' ಎಂದು ಕೇಳಿತು, ಉತ್ತರ ಬರಲಿಲ್ಲ. ಒಳಗೆ ಕೂತಿದ್ದವರಿಗೆ ತೀರ್ಮಾನಕ್ಕೆ ಸಿಕ್ಕಿದ್ದು ಸುಮಾರು ಒಂದು ನಿಮಿಷ. ಅವರು ಹೊಡೆದರು. ಟೊರ್ನಾಡೊದ ಇಬ್ಬರೂ ಸತ್ತರು.

ಬ್ರಿಟಿಷರ ತನಿಖೆಯ ವಿವರ ಓದಿದರೆ ಗ್ಯಾರೇಜಿನವನಿಗೂ ಅರ್ಥವಾಗುವಂಥ ಸಣ್ಣಸಣ್ಣ ಕಾರಣಗಳು ಸಾಲಾಗಿ ನಿಂತಿವೆ. ಟೊರ್ನಾಡೊದ ಐಎಫ್‌ಎಫ್ ಕೆಟ್ಟಿತ್ತು, ಒಳಗಿದ್ದವರಿಗೆ ಅದು ಗೊತ್ತಾಗಿರಲಿಲ್ಲ ಅನ್ನಿಸುತ್ತದೆ. ಗುಪ್ತಲಿಪಿ ಇಲ್ಲದ ಇನ್ನೊಂದು ಬಗೆಯ ಸರಳ ಸಂಕೇತವಿತ್ತು, ಆದರೆ ಅದರ ಸಂಖ್ಯೆಗಳನ್ನು ಪೇಟ್ರಿಯಟ್‌ನಲ್ಲಿ ತುಂಬಿರಲಿಲ್ಲ. ಆ ಘಟಕದ ಸಂಪರ್ಕ ಸಾಮಾನು ಅಮೆರಿಕದಿಂದ ಇನ್ನೂ ದಾರಿಯಲ್ಲಿತ್ತು. ಅದು ಇದ್ದಿದ್ದರೆ ಆಕಾಶದ ಪೂರ್ತಿ ಚಿತ್ರ ಇನ್ನೊಬ್ಬರಿಂದ ಸಿಗುತ್ತಿತ್ತು. ವೈರಿ ಕ್ಷಿಪಣಿ ಎಂದು ಗುರುತಿಸಲು ಕಂಪ್ಯೂಟರಿಗೆ ಕೊಟ್ಟ ಲಕ್ಷಣಗಳೂ ಬಹಳ ಅಗಲವಾಗಿದ್ದವು. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಆದರೆ ಎಲ್ಲವೂ ಒಂದೇ ನಿಮಿಷದಲ್ಲಿ ಕೂಡಿಬಂದವು.

ಮರುದಿನ ನಡೆದದ್ದು ಇನ್ನೂ ವಿಚಿತ್ರ. ಅಮೆರಿಕದ ಎಫ್-16 ಒಂದಕ್ಕೆ ಪೇಟ್ರಿಯಟ್ ರಡಾರ್ ಗುರಿ ಇಟ್ಟಿತು. ಪೈಲಟ್ ಅದನ್ನು ಇರಾಕಿನ ರಡಾರ್ ಎಂದುಕೊಂಡು ತಾನೇ ಕ್ಷಿಪಣಿ ಬಿಟ್ಟ. ರಡಾರ್ ಹಾಳಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಏಪ್ರಿಲ್ 2ರಂದು ಪೇಟ್ರಿಯಟ್ ಮತ್ತೆ ಹೊಡೆಯಿತು. ಈ ಸಲ ಬಿದ್ದದ್ದು ಅಮೆರಿಕದ ನೌಕಾಪಡೆಯ ಎಫ್/ಎ-18. ಪೈಲಟ್ ಸತ್ತ. ಹನ್ನೊಂದು ದಿನದಲ್ಲಿ ಮೂರು ಸಲ, ವೈರಿ ವಿಮಾನ ಒಂದೂ ಇಲ್ಲದ ಆಕಾಶದಲ್ಲಿ.

ಇಲ್ಲಿಗೆ ನಾನು ಹೇಳಬೇಕೆಂದಿರುವ ಮಾತಿಗೆ ಬಂದೆ. ಜನ ಸಾಮಾನ್ಯವಾಗಿ ಎರಡು ಕಡೆ ಬೆರಳು ತೋರಿಸುತ್ತಾರೆ. ಒಂದು, ಯಂತ್ರ ಕೈಕೊಟ್ಟಿತು. ಎರಡು, ಗುಂಡಿ ಒತ್ತಿದವನು ಅವಸರ ಮಾಡಿದ. ಎರಡರಲ್ಲೂ ಸತ್ಯವಿದೆ. ಆದರೆ ಎರಡಕ್ಕೂ ಮೊದಲೇ, ತಂಪಾದ ಕೋಣೆಯಲ್ಲಿ ಕೂತು ಯಾರೋ ಒಂದು ವಿಷಯ ತೀರ್ಮಾನಿಸಿರುತ್ತಾರೆ: ಉತ್ತರ ಬರದಿದ್ದರೆ ಏನು ಮಾಡಬೇಕು?

ಸೇನೆಗಳು ಇದಕ್ಕೆ ಮೂರು ಹಂತ ಇಟ್ಟಿವೆ. ಪಾಶ್ಚಾತ್ಯ ಸೇನೆಗಳ ಭಾಷೆಯಲ್ಲಿ 'ಹೋಲ್ಡ್', 'ಟೈಟ್', 'ಫ್ರೀ'. ಹೋಲ್ಡ್ ಅಂದರೆ ಮೇಲಿನಿಂದ ಆದೇಶ ಬಂದರೆ ಅಥವಾ ನಿನ್ನ ಮೈಮೇಲೆ ಬಂದರೆ ಮಾತ್ರ ಹೊಡೆ. ಟೈಟ್ ಅಂದರೆ ವೈರಿ ಎಂದು ಖಾತ್ರಿಯಾದದ್ದಕ್ಕೆ ಮಾತ್ರ ಹೊಡೆ. ಫ್ರೀ ಅಂದರೆ ನಮ್ಮದು ಎಂದು ಖಾತ್ರಿಯಾಗದ್ದಕ್ಕೆಲ್ಲ ಹೊಡೆ. ಟೈಟ್ ಮತ್ತು ಫ್ರೀ ನಡುವಿನ ವ್ಯತ್ಯಾಸ ಮಾತಿನಲ್ಲಿ ಸಣ್ಣದು. ಮೊದಲನೆಯದರಲ್ಲಿ ಗೊತ್ತಿಲ್ಲದವನು ಬದುಕುತ್ತಾನೆ. ಎರಡನೆಯದರಲ್ಲಿ ಗೊತ್ತಿಲ್ಲದವನು ಸಾಯುತ್ತಾನೆ. ಎಂಟನೇ ಕ್ಲಾಸಿನ ನಾನು ಅಟ್ಟಣಿಗೆ ಮೇಲೆ 'ಫ್ರೀ'ಯಲ್ಲಿದ್ದೆ, ಯಾರೂ ಹೇಳಿರಲಿಲ್ಲ ಅಷ್ಟೇ.

ಯಾವಾಗಲೂ 'ಟೈಟ್' ಇಟ್ಟರೆ ಆಯ್ತಲ್ಲ ಎನ್ನಬೇಡಿ. ಹಡಗಿನ ಕಡೆ ಬರುವ ಕ್ಷಿಪಣಿಗೆ 'ನೀನು ಯಾರು' ಎಂದು ಮೂರು ಸಲ ಕೇಳುತ್ತಾ ಕೂತರೆ ಹಡಗು ಉಳಿಯುವುದಿಲ್ಲ. ಹಾಗೇ ಪೈಲಟ್ ಐಎಫ್‌ಎಫ್ ಆಫ್ ಮಾಡುವುದೂ ಬರೀ ಉದಾಸೀನದಿಂದ ಅಲ್ಲ. ಉತ್ತರ ಕೊಟ್ಟರೆ ವೈರಿಗೂ ಕೇಳಿಸುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು 'ಕೊಂಬ್ಯಾಟ್ ಟ್ರೀ' ಎಂಬ ಯಂತ್ರ ಇಟ್ಟುಕೊಂಡು ಮಿಗ್ ವಿಮಾನಗಳ ಐಎಫ್‌ಎಫ್ ಅನ್ನೇ ಮಾತಾಡಿಸಿ, ದೂರದಿಂದಲೇ ಅವು ಎಲ್ಲಿವೆ ಎಂದು ಹಿಡಿಯುತ್ತಿದ್ದರು. ಕತ್ತಲಲ್ಲಿ ಕೆಮ್ಮಿದರೆ ಮನೆಯವನಿಗೂ ಗೊತ್ತಾಗುತ್ತದೆ, ಕಳ್ಳನಿಗೂ ಗೊತ್ತಾಗುತ್ತದೆ.

ಇನ್ನು 1994ರ ಏಪ್ರಿಲ್ 14ರ ಘಟನೆ ನನ್ನ ಮಾತಿಗೇ ಸ್ವಲ್ಪ ಅಡ್ಡ ಬರುತ್ತದೆ, ಆದ್ದರಿಂದ ಬಿಡುವಂತಿಲ್ಲ. ಉತ್ತರ ಇರಾಕಿನ ಮೇಲೆ ಹಗಲು ಹೊತ್ತು. ಅವಸರ ಇರಲಿಲ್ಲ, ದಾಳಿ ನಡೆದಿರಲಿಲ್ಲ. ಅಮೆರಿಕದ ಎರಡು ಎಫ್-15ಗಳಿಗೆ ಎರಡು ಹೆಲಿಕಾಪ್ಟರ್ ಕಂಡವು. ಕೇಳಿದರು, ಸರಿಯಾದ ಉತ್ತರ ಬರಲಿಲ್ಲ. ಹತ್ತಿರ ಹಾರಿ ಕಣ್ಣಿನಿಂದಲೇ ನೋಡಿದರು. ಇರಾಕಿನ ಹಿಂಡ್ ಹೆಲಿಕಾಪ್ಟರ್ ಎಂದು ತೀರ್ಮಾನಿಸಿ ಎರಡನ್ನೂ ಬೀಳಿಸಿದರು. ಅವು ಅಮೆರಿಕದ ಸೇನೆಯ ಬ್ಲ್ಯಾಕ್ ಹಾಕ್‌ಗಳು. ಸತ್ತವರು 26 ಮಂದಿ. ಬ್ಲ್ಯಾಕ್ ಹಾಕ್‌ಗಳಿಗೆ ಪಕ್ಕದಲ್ಲಿ ಇಂಧನದ ಟ್ಯಾಂಕ್ ತೂಗುಹಾಕಿದ್ದರು, ದೂರದಿಂದ ಅದು ಹಿಂಡ್‌ನ ರೆಕ್ಕೆಯಂತೆ ಕಂಡಿತು. ಆ ಪ್ರದೇಶದೊಳಗೆ ಹಾಕಬೇಕಾದ ಸಂಕೇತ ಬೇರೆ ಇತ್ತು, ಹೆಲಿಕಾಪ್ಟರಿನವರು ಹೊರಗಿನದ್ದನ್ನೇ ಹಾಕಿಕೊಂಡಿದ್ದರು. ರೇಡಿಯೋ ತರಂಗವೂ ಬೇರೆ. ಇಷ್ಟೆಲ್ಲದರ ಮೇಲೆ ಎಲ್ಲವನ್ನೂ ನೋಡಿಕೊಳ್ಳಲು ಅವಾಕ್ಸ್ ಎಂಬ ರಡಾರ್ ಹೊತ್ತ ವಿಮಾನವೊಂದು ಹಾರುತ್ತಲೇ ಇತ್ತು. ಹೆಲಿಕಾಪ್ಟರ್ ಬಂದಿರುವುದು ಅದರೊಳಗಿದ್ದವರಿಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಎಫ್-15ರ ಕಿವಿಗೆ ತಲುಪಲಿಲ್ಲ.

ಅಂದರೆ ಸಮಯ ಇದ್ದರೂ ಸಾಲದು, ಕಣ್ಣಿಗೆ ಕಂಡರೂ ಸಾಲದು. ಅಲ್ಲಿ ವಾಯುಪಡೆಗೂ ಭೂಸೇನೆಗೂ ದಿನದ ಕಾರ್ಯಕ್ರಮವೇ ಬೇರೆಬೇರೆ ಹಾಳೆಯಲ್ಲಿತ್ತು. ನಮ್ಮಲ್ಲಿ ಒಂದು ಇಲಾಖೆ ರಸ್ತೆ ಮಾಡಿದ ಮರುದಿನ ಇನ್ನೊಂದು ಇಲಾಖೆ ಪೈಪ್‌ಲೈನಿಗೆ ಅದನ್ನೇ ಅಗೆಯುವುದಿಲ್ಲವೇ, ಹಾಗೆ.

ಈಗಿನ ಕಾಲಕ್ಕೆ ಬಂದರೆ ಹೊಸ ತಲೆನೋವು ಡ್ರೋನ್. ಡ್ರೋನ್ ತಗ್ಗಿನಲ್ಲಿ ಬರುತ್ತದೆ, ನಿಧಾನ ಬರುತ್ತದೆ, ಹಿಂಡು ಹಿಂಡಾಗಿ ಬರುತ್ತದೆ. ತಗ್ಗು ಮತ್ತು ನಿಧಾನ, ಇವೆರಡೂ ಹೆಲಿಕಾಪ್ಟರಿನ ಲಕ್ಷಣವೂ ಹೌದು. ಗಂಟೆಗಟ್ಟಲೆ ಡ್ರೋನ್ ಹೊಡೆದು ದಣಿದ ಸಿಬ್ಬಂದಿಯ ಪರದೆಯಲ್ಲಿ ಮುಂದಿನ ಚುಕ್ಕೆಯೂ ಡ್ರೋನೇ ಆಗಿ ಕಾಣುತ್ತದೆ. 2024ರ ಡಿಸೆಂಬರ್ 22ರಂದು ಕೆಂಪು ಸಮುದ್ರದಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಎಂಬ ಯುದ್ಧನೌಕೆ ತನ್ನದೇ ಗುಂಪಿನ ಟ್ರೂಮನ್ ವಿಮಾನವಾಹಕ ನೌಕೆಯ ಎಫ್/ಎ-18 ವಿಮಾನವನ್ನು ಬೀಳಿಸಿತು. ಯೆಮೆನ್‌ನ ಹೂತಿಗಳು ಡ್ರೋನ್, ಕ್ಷಿಪಣಿ ಬಿಡುತ್ತಿದ್ದ ರಾತ್ರಿ ಅದು. ಇಬ್ಬರೂ ಪ್ಯಾರಾಶೂಟಿನಲ್ಲಿ ಹಾರಿ ಬದುಕಿಕೊಂಡರು. ಜಗತ್ತಿನ ಅತಿ ದುಬಾರಿ ನೌಕಾಪಡೆ, ಒಂದೇ ಗುಂಪಿನ ಎರಡು ಹಡಗು.

ನಾಗರಿಕರೂ ಇದರಿಂದ ಹೊರಗಿಲ್ಲ. 2020ರ ಜನವರಿ 8ರಂದು ಟೆಹ್ರಾನಿನಿಂದ ಏರಿದ ಉಕ್ರೇನ್ ವಿಮಾನವನ್ನು ಇರಾನಿನದೇ ಕ್ಷಿಪಣಿ ಘಟಕ ಹೊಡೆಯಿತು. 176 ಜನ ಸತ್ತರು. ಕೆಲವೇ ಗಂಟೆ ಮೊದಲು ಇರಾನ್ ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಕ್ಷಿಪಣಿ ಬಿಟ್ಟು, ತಿರುಗೇಟಿಗೆ ಕಾಯುತ್ತಾ ಕೂತಿತ್ತು. ಆದರೂ ವಿಮಾನ ನಿಲ್ದಾಣ ಮುಚ್ಚಿರಲಿಲ್ಲ. ಘಟಕದ ಜಾಗ ಬದಲಿಸಿದ ಮೇಲೆ ರಡಾರಿನ ದಿಕ್ಕು ಸರಿಪಡಿಸಿರಲಿಲ್ಲ, ಮೇಲಿನವರ ಜೊತೆ ಸಂಪರ್ಕ ಸಿಗಲಿಲ್ಲ ಎಂದು ಇರಾನೇ ಆಮೇಲೆ ಹೇಳಿತು. ಆ ವಿಮಾನದ ಗಿಳಿ ಸರಿಯಾಗಿಯೇ ಕಿರುಚುತ್ತಿತ್ತು.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ಸಮಯದಲ್ಲಿ ನಮ್ಮ ಸರ್ಕಾರ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಮುಚ್ಚಿತ್ತು. ಪ್ರಯಾಣಿಕರಿಗೆ ಕಿರಿಕಿರಿ ಆಯ್ತು, ಬೈದುಕೊಂಡರು. ಆದರೆ ಟೆಹ್ರಾನ್ ನೆನಪಿರುವವರು ಬೈಯಲಾರರು. ಪರದೆ ಮೇಲೆ ಚುಕ್ಕೆ ಕಡಿಮೆ ಆದಷ್ಟು ತಪ್ಪು ಕಡಿಮೆ. ಅದೇ ವೇಳೆ ಎರಡು ಹೆಸರು ಜೋರಾಗಿ ಕೇಳಿಬಂದವು. ವಾಯುಪಡೆಯ ಐಎಸಿಸಿಎಸ್ ಮತ್ತು ಭೂಸೇನೆಯ ಆಕಾಶ್‌ತೀರ್. ಎರಡನೆಯದನ್ನು ಮಾಡಿದ್ದು ಬೆಂಗಳೂರಿನ ಬಿಇಎಲ್. ಟಿವಿಯವರು ಇವನ್ನು ಹೊಸ ಅಸ್ತ್ರ ಎಂಬಂತೆ ಹೊಗಳಿದರು. ಇವು ಅಸ್ತ್ರವಲ್ಲ. ಬೇರೆಬೇರೆ ರಡಾರುಗಳು ಕಂಡದ್ದನ್ನು ಸೇರಿಸಿ ಒಂದೇ ಚಿತ್ರ ಮಾಡಿ, ತೋಪಿನ ಹಿಂದೆ ಕೂತವನಿಗೂ ತೋರಿಸುವ ಜಾಲ. ಒಬ್ಬ ಕೇಳಿದಾಗ ಉತ್ತರ ಬರದಿದ್ದರೂ, ಈ ಚುಕ್ಕೆ ಎಲ್ಲಿಂದ ಎದ್ದು ಬಂತು ಎಂದು ಇನ್ನೊಬ್ಬನಿಗೆ ಗೊತ್ತಿರುತ್ತದೆ. ನನ್ನ ಕಾಕಾ ಮನೆ ಬಿಟ್ಟಿದ್ದನ್ನು ನೋಡಿದ ಪಕ್ಕದ ಹೊಲದವನು ನನಗೊಂದು ಕೂಗು ಹಾಕಿದಂತೆ. ಅದು ಹಗಲು ರಾತ್ರಿ ಎಡೆಬಿಡದೆ ಸರಿಯಾಗಿ ನಡೆದರೆ ಕ್ಷಿಪಣಿಗಿಂತ ದೊಡ್ಡ ಕೆಲಸ.

"ಹಂಗಾರ ಶಿಕ್ಷೆ ಯಾರಿಗಾತು?" ಎಂದು ಗೆಳೆಯ ಕೇಳಿದ. 1994ರ ಪ್ರಕರಣದಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಂತದ್ದು ಒಬ್ಬನೇ, ಅವಾಕ್ಸ್‌ನಲ್ಲಿದ್ದ ಅಧಿಕಾರಿ. ಅವನೂ ನಿರ್ದೋಷಿ ಎಂದಾಯಿತು. ಗುಂಡಿ ಒತ್ತಿದ ಪೈಲಟ್‌ಗಳು ಸೇರಿ ಕೆಲವರಿಗೆ ಮೂರು ವರ್ಷ ಹಾರಾಟ ಬಂದ್ ಮಾಡಿದರು, ಅದೂ ಜನ ಗಲಾಟೆ ಮಾಡಿದ ಮೇಲೆ. ಬಡ್ಗಾಮ್ ಪ್ರಕರಣದಲ್ಲಿ 2023ರಲ್ಲಿ ಸೇನಾ ನ್ಯಾಯಾಲಯ ಒಬ್ಬ ಗ್ರೂಪ್ ಕ್ಯಾಪ್ಟನ್‌ನನ್ನು ವಜಾ ಮಾಡಲು ಶಿಫಾರಸು ಮಾಡಿತು. ವಿಷಯ ಕೋರ್ಟಿನ ಮೆಟ್ಟಿಲೇರಿತು.

ನನ್ನನ್ನು ಹೆಚ್ಚು ಕಾಡುವುದು ಶಿಕ್ಷೆಯಲ್ಲ, ಬಡ್ಗಾಮ್‌ನ ತಪ್ಪು ಒಪ್ಪಿಕೊಳ್ಳಲು ಹಿಡಿದ ಆ ಏಳು ತಿಂಗಳು. ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸೇನೆಗೆ ಹೋದ ಮಗ ಇಲ್ಲದ ಓಣಿ ಕಡಿಮೆ. 2016ರಲ್ಲಿ ಸಿಯಾಚಿನ್ ಹಿಮದಡಿ ಸಿಕ್ಕ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರ ಪಾರ್ಥಿವ ಶರೀರ ಬಂದಾಗ ಹುಬ್ಬಳ್ಳಿಗೆ ಹುಬ್ಬಳ್ಳಿಯೇ ಬೀದಿಗೆ ಬಂದಿತ್ತು. ಹಿಮ ಕೊಂದಿತು ಎಂದು ಆ ಮನೆಯವರಿಗೆ ಮೊದಲ ದಿನವೇ ಗೊತ್ತಿತ್ತು. ಬಡ್ಗಾಮ್‌ನ ಆರು ಮನೆಗಳಿಗೆ, ಆ ಊರಿನ ಏಳನೇ ಮನೆಗೆ, ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಅಧಿಕೃತವಾಗಿ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಟೊರ್ನಾಡೊ ಬಿದ್ದ ಮೇಲೆ ಬ್ರಿಟನ್ ತನ್ನ ತನಿಖೆಯ ಸಾರಾಂಶ ಪ್ರಕಟಿಸಿತು. ಮೇಲೆ ನಾನು ಬರೆದ ಐಎಫ್‌ಎಫ್, ಸಂಪರ್ಕ ಸಾಮಾನು, ಒಂದು ನಿಮಿಷ ಎಲ್ಲ ಅದರಿಂದಲೇ ಹೊರಬಂದದ್ದು. ಬಡ್ಗಾಮ್ ಬಗ್ಗೆ ನಮಗೆ ಸಿಕ್ಕಿದ್ದು ಒಂದು ಪತ್ರಿಕಾಗೋಷ್ಠಿ, ಆಮೇಲೆ ಅಷ್ಟಿಷ್ಟು ಸೋರಿಬಂದ ಸುದ್ದಿ.

ಗೆಳೆಯ ಗಿರ್ಮಿಟ್ಟಿನ ಕಾಗದ ಮುದ್ದೆ ಮಾಡಿ ಎಸೆದು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಜಾಬ್ ಕಾರ್ಡಿನ ಕಟ್ಟು ತೋರಿಸಿದ. ಗ್ರೀಸ್ ಮೆತ್ತಿ ಅರ್ಧ ಕಪ್ಪಾಗಿತ್ತು. "ಬ್ರೇಕ್ ಫೇಲಾದ ಗಾಡಿ ಬಂದ್ರ ಯಾಕ ಆತು ಅಂತ ನಾವು ಇದರಾಗ ಬರದಿಡ್ತೇವಿ" ಎಂದ. "ಗಾಡಿ ಮಾಲಕ ಕೇಳಿದ್ರ ತಗದು ತೋರಸ್ತೇವಿ."